ನಾಲ್ಕನೆಯ ಸಾಲು

ಸಾಲಗಾಮೆ ರಸ್ತೆಯ ಕಚೇರಿ, ಎರಡನೆಯ ಮಹಡಿ.
ಫ್ಯಾನು ತಿರುಗಿದರೆ ಕಾಗದ ಹಾರುತ್ತವೆ,
ನಿಂತರೆ ನಾನು ಬೇಯುತ್ತೇನೆ.
ಈ ಕೋಣೆಗೆ ಇರುವುದು ಎರಡೇ ಸ್ಥಿತಿ.

ಜಿಲ್ಲೆಯ ಕ್ಷಯದವರಿಗೆ ನಾಲ್ಕು:
ಒಂದು, ಮಾತ್ರೆ ನುಂಗುತ್ತಿರುವವರು.
ಎರಡು, ವಾಸಿಯಾದವರು.
ಮೂರು, ಕೈತಪ್ಪಿದವರು,
ಫೋನು ಎತ್ತದವರು, ಊರು ಬಿಟ್ಟವರು.
ನಾಲ್ಕನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮೂರು ತಿಂಗಳಿಗೊಮ್ಮೆ
ಯಾರು ಯಾವ ಮನೆಯಿಂದ ಯಾವ ಮನೆಗೆ ಹೋದರೆಂದು ಎಣಿಸಿ
ಅಡ್ಡಸಾಲು ನಾಲ್ಕು, ಕಂಬಸಾಲು ನಾಲ್ಕು ತುಂಬುತ್ತೇನೆ.
ಪಠ್ಯದಲ್ಲಿ ಇದರ ಹೆಸರು ಸಂಕ್ರಮಣ ಮಾತೃಕೆ.
ಎಳ್ಳುಬೆಲ್ಲವಿಲ್ಲದ ಸಂಕ್ರಮಣ.
ನಿನ್ನೆ ಎಲ್ಲಿದ್ದೆ ಎಂದು ಅದು ಕೇಳುವುದಿಲ್ಲ,
ಇವತ್ತು ಎಲ್ಲಿದ್ದೀಯೋ ಅಲ್ಲಿಂದ ಲೆಕ್ಕ.
ಅದರ ಹಟ ಒಂದೇ:
ಪ್ರತಿ ಸಾಲೂ ಕೂಡಿದರೆ ಒಂದಾಗಬೇಕು.
ಎಲ್ಲಿಯೂ ಇಲ್ಲದೆ ಇರಲು ಯಾರನ್ನೂ ಬಿಡುವುದಿಲ್ಲ.

ಅಜ್ಜಿಯ ಚೌಕಾಬಾರದಲ್ಲಿ
ಒಳಮನೆ ಸೇರಿದ ಕಾಯಿ ಹಣ್ಣು.
ಕವಡೆ ಹೇಗೇ ಬೀಳಲಿ, ಹಣ್ಣು ಮತ್ತೆ ಕಾಯಾಗದು.
ನಾಲ್ಕನೆಯ ಸಾಲೂ ಹಾಗೇ ಬರಬೇಕು:
ಸೊನ್ನೆ, ಸೊನ್ನೆ, ಸೊನ್ನೆ, ಒಂದು.

ಈ ಸಲ ಬಂದದ್ದು
೦.೦೨೬, ೦, ೦, ೦.೯೭೪.

ಮೂವತ್ತೆಂಟು ಜನರಲ್ಲಿ ಮೂವತ್ತೇಳು ಮಂದಿ ಅಲ್ಲೇ ಇದ್ದಾರೆ.
ಒಬ್ಬ ಎದ್ದು ಮಾತ್ರೆ ನುಂಗಲು ಬಂದಿದ್ದಾನೆ.
ಕಂಪ್ಯೂಟರು ತಕರಾರು ಮಾಡಲಿಲ್ಲ,
ಸಾಲು ಕೂಡಿ ಒಂದಾಗಿತ್ತಲ್ಲ.

ತಪ್ಪೆಂದು ಗೊತ್ತಿತ್ತು. ಆದರೂ
ಫಿಲೋಮಿನಾಗೆ ಫೋನು ಮಾಡುವ ಮೊದಲು
ಒಂದಿಷ್ಟು ಗುಣಿಸಿದೆ.
ಈ ಪಟ್ಟಿಯ ಪ್ರಕಾರ ಹಾಸನ ಜಿಲ್ಲೆಯಲ್ಲಿ ಸತ್ತವರು
ಸರಾಸರಿ ಒಂಬತ್ತೂವರೆ ವರ್ಷಕ್ಕೆ ವಾಪಸು ಬರುತ್ತಾರೆ.
ವನಜ ಹೋಗಿ ಆರು ವರ್ಷ. ಇಪ್ಪತ್ತನಾಲ್ಕು ತ್ರೈಮಾಸಿಕ.
ಅಷ್ಟರಲ್ಲಿ ಬಂದಿರುವ ಸಂಭವ
ನೂರಕ್ಕೆ ನಲವತ್ತೇಳು.

ತೆರೆದ ಊಟದ ಡಬ್ಬಿಯನ್ನು ಮುಚ್ಚಿದೆ.
ನಲವತ್ತೇಳು ಸಣ್ಣದೇನಲ್ಲ.
ಗಣಿತದಲ್ಲಿ ಅಷ್ಟೇ ತೆಗೆದು ಪಾಸಾದವಳು ನನ್ನ ತಂಗಿ,
ನಾನೇ ಹೇಳಿಕೊಟ್ಟು, ನಾನೇ ಗದರಿ.

ಆಲೂಗಡ್ಡೆ ಮಂಡಿಯಲ್ಲಿ ಆಸಾಮಿ ಸಿಕ್ಕ.
ಹೆಸರು ಜವರಯ್ಯ. ನಗಬೇಡಿ, ಹೆತ್ತವರು ಇಟ್ಟದ್ದು.
ಬಿತ್ತನೆ ಗಡ್ಡೆಯ ಚೀಲ ಹೊರಲು ಈಗ ಎದೆ ಬಿಡದು,
ತೂಕದ ಚೀಟಿ ಬರೆಯುತ್ತಾನೆ.
"ದಿನಾ ಫೋನ್ ಮಾಡೋರು ಈವಮ್ಮ. ಮಾತ್ರೆ ತಿಂದ್ರೆ ವಾಂತಿ.
ಒಂದಿನ ನಾನೇ ಎತ್ತಿ ಅಂದ್ಬುಟ್ಟೆ,
ಜವರಯ್ಯ ತೀರ್ಕೊಂಡ್ರು ಅಂತ."
ಫಿಲೋಮಿನಾ ನೆಲ ನೋಡಿದಳು.
"ದನಿ ಇವರದೇ ಅನ್ನಿಸಿತು ಮೇಡಂ.
ಆದ್ರೆ ಆ ಕಡೆ ಅಳ್ತಾ ಇದ್ರು. ಅದಕ್ಕೇ ಬರ್ಕೊಂಡೆ."

ಆಮೇಲೆ ಕೆಮ್ಮಿನಲ್ಲಿ ರಕ್ತ ಕಂಡು
ತಾನಾಗಿಯೇ ನಡೆದು ಬಂದಿದ್ದ.

"ಈಗ ನನ್ನ ಯಾವ ಮನೇಲಿ ಇಟ್ಟಿದ್ದೀರ?"
ಮೂರರಿಂದ ಒಂದಕ್ಕೆ, ಎಂದೆ.
"ಅಲ್ಲಿ ಕಡೀತಾರಾ?"
ಅವನೂ ಚೌಕಾಬಾರ ಆಡಿದವನೇ.
ಕಡೀತಾರೆ, ಅದು ಕಟ್ಟೆಯಲ್ಲ,
ಆರು ತಿಂಗಳು ಮಾತ್ರೆ ಬಿಡಬೇಡಿ.

ಕಚೇರಿಗೆ ಮರಳಿ ಒಂದೇ ಅಂಕಿ ತಿದ್ದಿದೆ,
ನಾಲ್ಕಿದ್ದಲ್ಲಿ ಮೂರು.
ಕೈತಪ್ಪಿದವರ ಸಾಲಿನಲ್ಲಿ ಮರಳುವವರ ಪಾಲು
ಕೂದಲೆಳೆಯಷ್ಟು ಏರಿತು.
ನಾಲ್ಕನೆಯ ಸಾಲಿಗೆ ಕದ ಬಿತ್ತು:
ಸೊನ್ನೆ, ಸೊನ್ನೆ, ಸೊನ್ನೆ, ಒಂದು.
ಒಳಗೆ ಮೂವತ್ತೇಳು ಮಂದಿ,
ಈ ಪಟ್ಟಿಯಲ್ಲಿ ಎಂದೂ ಇರದ ವನಜ.

ಡಬ್ಬಿಯ ಮೊಸರನ್ನ ಹುಳಿ ತಿರುಗಿತ್ತು.
ತಿಂದೆ.